ಆರು ಲೀಟರ್ ಪೆಟ್ರೋಲ್

ಮನೆಯ ಹಳೆಯ ವ್ಯಾನೊಂದರ ಪೆಟ್ರೋಲ್ ಸೋರಿಕೆಯ ಸಂಗತಿಯನ್ನು ಈ ಪುಟಗಳಲ್ಲಿ ಬರೆಯುವುದು ಉಚಿತವೇ ಎಂದು ಬಹಳ ದಿನ ಯೋಚಿಸಿದೆ. ದುರಸ್ತಿಯ ವಿಷಯವಷ್ಟೇ ಆಗಿದ್ದರೆ ಅದು ಗ್ಯಾರೇಜಿನಲ್ಲೇ ಮುಗಿಯಬೇಕಾದ ಮಾತು. ಆದರೆ ಸೋರುವ ಜಾಗವನ್ನು ಹುಡುಕುವ ಮೊದಲು ನಾನು ಸಂಶಯಪಡಲು ಒಬ್ಬ ಮನುಷ್ಯನನ್ನು ಹುಡುಕಿಕೊಂಡಿದ್ದೆ. ಆದ್ದರಿಂದಲೇ ಈ ನಿವೇದನೆ.

ಮೂಡುಬಿದಿರೆಯ ನಮ್ಮ ಮನೆಯಲ್ಲಿರುವುದು 1996ನೆಯ ಇಸವಿಯ ಮಾರುತಿ ಓಮ್ನಿ. ನಮ್ಮ ತೀರ್ಥರೂಪರು ಕೊಂಡದ್ದು. 1984ರಲ್ಲಿ ಮೊದಲು ರಸ್ತೆಗಿಳಿದು 2019ರಲ್ಲಿ ತಯಾರಿಕೆ ನಿಂತ ಈ ವ್ಯಾನನ್ನು ಕಾಣದ ಊರು ನಮ್ಮ ನಾಡಿನಲ್ಲಿ ಇರಲಾರದು. ಮದುವೆಯ ದಿಬ್ಬಣ, ಆಸ್ಪತ್ರೆಯ ಓಡಾಟ, ಅಡಿಕೆಯ ಮೂಟೆ, ಎಲ್ಲಕ್ಕೂ ಅದೇ ಒಂದು ಗಾಡಿ. ತಂದೆಯವರು ತೀರಿಕೊಂಡ ಮೇಲೆ ಅದನ್ನು ಮಾರಲು ಮನಸ್ಸು ಬರಲಿಲ್ಲ. ಹದಿನೈದು ವರ್ಷ ತುಂಬಿದಾಗ ನೋಂದಣಿ ನವೀಕರಿಸಿದೆವು, ಆಮೇಲೆ ಐದೈದು ವರ್ಷಕ್ಕೊಮ್ಮೆ. 796 ಸಿ.ಸಿ.ಯ ಮೂರು ಸಿಲಿಂಡರಿನ ಪುಟ್ಟ ಎಂಜಿನು ಮುಂದಿನ ಆಸನಗಳ ಅಡಿಯಲ್ಲಿದೆ. ಆಸನವನ್ನು ಎತ್ತಿದರೆ ಎಂಜಿನು ಕಾಣುತ್ತದೆ. ಚಾಲಕನು ಅಕ್ಷರಶಃ ಅದರ ಮೇಲೆ ಕುಳಿತು ಗಾಡಿ ನಡೆಸುತ್ತಾನೆ.

ಕಣ್ಣಿನ ಶಸ್ತ್ರಚಿಕಿತ್ಸೆಯಾದ ಬಳಿಕ ಗಾಡಿ ನಡೆಸಲು ಒಬ್ಬ ಯುವಕನನ್ನು ಇಟ್ಟುಕೊಂಡೆ. ಪ್ರೌಢಶಾಲೆಯಲ್ಲಿ ನನ್ನ ವಿದ್ಯಾರ್ಥಿಯಾಗಿದ್ದವನು. ಮಾತು ಕಡಿಮೆ, ಕೆಲಸ ಅಚ್ಚುಕಟ್ಟು. ನಾನು ಮೂವತ್ತು ವರ್ಷ ವಿಜ್ಞಾನ ಕಲಿಸಿದವನಾದ್ದರಿಂದ ಲೆಕ್ಕ ಬರೆದಿಡುವ ಚಾಳಿ ಇತ್ತು. ತಿಂಗಳಿಗೆ ಸುಮಾರು 600 ಕಿಲೋಮೀಟರ್ ಓಡಾಟ, ಲೀಟರಿಗೆ 14 ಕಿಲೋಮೀಟರ್, ಅಂದರೆ 43 ಲೀಟರ್. 2024ರ ಬೇಸಗೆಯಲ್ಲಿ ಈ ಲೆಕ್ಕ ತಪ್ಪತೊಡಗಿತು. ಮೇ ತಿಂಗಳಲ್ಲಿ 52 ಲೀಟರ್ ಬಿತ್ತು, ಜೂನಿನಲ್ಲಿಯೂ ಅಷ್ಟೇ. ಲೀಟರಿಗೆ ಹನ್ನೊಂದೂವರೆ.

ಪೆಟ್ರೋಲಿಗೆ ನೂರಕ್ಕೆ ಇಪ್ಪತ್ತು ಪಾಲು ಎಥನಾಲ್ ಬೆರೆಸಿ ಮಾರುವ ಕ್ರಮ 2023ರಲ್ಲಿ ಆರಂಭವಾಗಿತ್ತು. ಎಥನಾಲಿನಲ್ಲಿ ಲೀಟರಿಗೆ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೆಯ ಒಂದು ಪಾಲು ಕಡಿಮೆ. ಹಾಗಾಗಿ 14 ಇದ್ದದ್ದು 13ಕ್ಕೆ ಇಳಿಯುವುದು ನ್ಯಾಯವೇ. ಆದರೂ 46 ಲೀಟರ್ ಸಾಕಾಗಬೇಕಿತ್ತು. ಉಳಿದ ಆರು ಲೀಟರ್ ಎಲ್ಲಿಗೆ ಹೋಯಿತು? ನಾನು ಗಾಡಿಯ ಅಡಿಗೆ ಬಗ್ಗಿ ನೋಡಿದೆ. ನೆಲ ಒಣಗಿತ್ತು, ಒಂದು ಹನಿಯ ಕಲೆಯೂ ಇರಲಿಲ್ಲ. ಸೋರಿಕೆ ಇಲ್ಲವೆಂದು ಅಲ್ಲಿಯೇ ತೀರ್ಮಾನಿಸಿದೆ. ಎಂಟನೆಯ ತರಗತಿಯ ಮಕ್ಕಳಿಗೆ ಆವಿಯಾಗುವಿಕೆಯ ಪಾಠವನ್ನು ಎಷ್ಟು ಸಲ ಮಾಡಿದ್ದೆನೋ ಲೆಕ್ಕವಿಲ್ಲ.

ಗಾಡಿಯ ಕೀಲಿಕೈ ಇರುವುದು ಒಬ್ಬನ ಕೈಯಲ್ಲಿ. ಪೆಟ್ರೋಲ್ ಹಾಕಿಸುವವನೂ ಅವನೇ. ಅವನ ಅಣ್ಣನಿಗೆ ಒಂದು ಬೈಕ್ ಇತ್ತೆಂಬುದು ನನಗೆ ಗೊತ್ತಿತ್ತು. ಇಷ್ಟು ಸಾಕಾಯಿತು.

ನಾನು ಅವನಿಗೆ ಒಂದು ಮಾತೂ ಆಡಲಿಲ್ಲ. ಇದನ್ನು ಆಗ ಸೌಜನ್ಯವೆಂದು ಭಾವಿಸಿದ್ದೆ. ಪೆಟ್ರೋಲ್ ಬಂಕಿಗೆ ಜೊತೆಯಲ್ಲಿ ಹೋಗತೊಡಗಿದೆ. ರಸೀದಿ ಕೇಳಿ ಪಡೆದೆ. ಸಂಜೆ ಕೀಲಿಕೈಯನ್ನು ಒಳಗೆ ಇಟ್ಟುಕೊಂಡೆ. ಡ್ಯಾಶ್‌ಬೋರ್ಡಿನ ಗಾಜಿನ ಮೇಲೆ ಪೆಟ್ರೋಲಿನ ಮುಳ್ಳು ನಿಂತ ಜಾಗಕ್ಕೆ ಸಣ್ಣದಾಗಿ ಗುರುತು ಹಾಕಿದೆ. ಅವನು ಅದನ್ನು ಕಂಡ. ಕಂಡದ್ದು ನನಗೂ ತಿಳಿಯಿತು. ಆ ಮಳೆಗಾಲದಲ್ಲಿ ಎರಡು ಸಲ ಅವನು, “ಸರ್, ಒಳಗೆ ಪೆಟ್ರೋಲ್ ವಾಸನೆ ಬರ್ತದೆ, ಒಮ್ಮೆ ನೋಡಿಸುವ” ಎಂದಿದ್ದ. ಮೊದಲ ಸಲ ಹೂಂಗುಟ್ಟಿದೆ. ಎರಡನೆಯ ಸಲ, ನೆಪ ಹೇಳಲು ಆರಂಭಿಸಿದ್ದಾನೆ ಎಂದುಕೊಂಡೆ. ಆಗಸ್ಟಿನಲ್ಲಿ ಅವನು ಸಂಬಳ ಪಡೆದು, ಬೇರೆ ಕಡೆ ಕೆಲಸ ಸಿಕ್ಕಿದೆ ಎಂದು ಹೇಳಿ ನಮಸ್ಕರಿಸಿ ಹೋದ. ಹೋಗುವ ಮುನ್ನ ಗಾಡಿಯ ಕಾಗದಪತ್ರಗಳ ಜೊತೆ ಒಂದು ನೋಟ್‌ಬುಕ್ ಇದೆ ಎಂದು ತಿಳಿಸಿದ್ದ. ನಾನು ಅದನ್ನು ತೆರೆಯಲಿಲ್ಲ.

ಇಲ್ಲಿ ಒಂದನ್ನು ಮುಚ್ಚಿಡಬಾರದು. ಅವನು ಹೋದ ಮೇಲೆ ವೈದ್ಯರ ಒಪ್ಪಿಗೆ ಪಡೆದು ಗಾಡಿಯನ್ನು ನಾನೇ ನಡೆಸತೊಡಗಿದೆ. ಆ ಎರಡು ಮೂರು ತಿಂಗಳು ಪೆಟ್ರೋಲಿನ ಲೆಕ್ಕವನ್ನು ಬರೆಯಲೇ ಇಲ್ಲ. ಕಳ್ಳನು ಸಿಕ್ಕಿದ್ದಾನೆಂದು ತೀರ್ಮಾನವಾದ ಮೇಲೆ ಲೆಕ್ಕದ ಅಗತ್ಯವೇ ತೋರಲಿಲ್ಲ. ಬರೆದಿದ್ದರೆ ಸೆಪ್ಟೆಂಬರಿನಲ್ಲಿಯೇ ನನ್ನ ತಪ್ಪು ನನಗೆ ಕಾಣುತ್ತಿತ್ತು. ಅಕ್ಟೋಬರಿನ ಆಯುಧಪೂಜೆಯ ದಿನ ಅದೇ ಗಾಡಿಯ ಮುಂದೆ ಮೊಮ್ಮಕ್ಕಳನ್ನು ನಿಲ್ಲಿಸಿಕೊಂಡು ಕರ್ಪೂರ ಹಚ್ಚಿದೆವು.

ದೀಪಾವಳಿಗೆ ಹುಬ್ಬಳ್ಳಿಯಿಂದ ಅತ್ತಿಗೆ ಬಂದರು. ವ್ಯಾನಿನ ಬಾಗಿಲು ಸರಿಸಿದವರು ಒಳಗೆ ಕಾಲಿಡಲಿಲ್ಲ. ಸೆರಗನ್ನು ಮೂಗಿಗೆ ಹಿಡಿದು, “ಇದರಾಗ ಹೆಂಗ ಕೂಡತೀರಿ ನೀವೆಲ್ಲಾ? ಪೆಟ್ರೋಲ್ ನಾರಾಕತ್ತೇದ” ಎಂದರು. ನಮಗೆ ಯಾರಿಗೂ ಅಷ್ಟು ವಾಸನೆ ಬರುತ್ತಿರಲಿಲ್ಲ. ದಿನವೂ ಅದರಲ್ಲಿ ಕುಳಿತ ಮೂಗು ಅದನ್ನು ಗುರುತಿಸುವುದನ್ನೇ ಬಿಟ್ಟಿತ್ತು.

ಕಾರ್ಕಳದಲ್ಲಿ ನನಗೆ ಪರಿಚಯದ ಒಬ್ಬ ಹಿರಿಯ ಮೆಕ್ಯಾನಿಕರಿದ್ದಾರೆ. ಗಾಡಿ ತರುತ್ತೇನೆಂದು ಫೋನಿನಲ್ಲಿ ಹೇಳಿದ್ದಕ್ಕೆ, “ಸ್ಟಾರ್ಟ್ ಮಾಡ್ಬೇಡಿ ಮಾಷ್ಟ್ರೇ, ನಾನೇ ಬರ್ತೇನೆ” ಎಂದು ಬೆಳುವಾಯಿಯ ಮೇಲಾಗಿ ಸ್ಕೂಟರಿನಲ್ಲಿ ಬಂದರು. ಬಂದವರು ಮೊದಲು ಗಾಡಿಯನ್ನು ಶೆಡ್ಡಿನಿಂದ ಅಂಗಳಕ್ಕೆ ಕೈಯಿಂದಲೇ ತಳ್ಳಿಸಿದರು. ಪೆಟ್ರೋಲಿನ ಆವಿ ಗಾಳಿಗಿಂತ ಮೂರು ನಾಲ್ಕು ಪಟ್ಟು ಭಾರ. ಅದು ಮೇಲೇರಿ ಹೋಗದೆ ನೆಲದ ಮಟ್ಟದಲ್ಲಿ, ಗಾಡಿಯ ತಗ್ಗುಗಳಲ್ಲಿ ನೀರಿನಂತೆ ನಿಲ್ಲುತ್ತದೆ. ಗಾಳಿಯಲ್ಲಿ ನೂರಕ್ಕೆ ಒಂದೂವರೆ ಪಾಲಿನಷ್ಟು ಬೆರೆತರೂ ಒಂದು ಕಿಡಿ ಸಾಕು. ಆದ್ದರಿಂದ ಬ್ಯಾಟರಿಯ ತಂತಿಯನ್ನು ಕಳಚಿ, ಗಾಡಿಯ ಬಾಗಿಲುಗಳನ್ನೆಲ್ಲ ತೆರೆದಿಟ್ಟು, ಅರ್ಧ ಗಂಟೆ ಸುಮ್ಮನೆ ಕುಳಿತರು.

ಆಮೇಲೆ ಆಸನ ಎತ್ತಿ, ಎಂಜಿನ್ ಎಣ್ಣೆಯ ಅಳತೆಯ ಕಡ್ಡಿಯನ್ನು ಎಳೆದು ನೋಡಿದರು. “ಎಣ್ಣೆ ಇಷ್ಟು ಮೇಲೆ ಉಂಟಲ್ಲ, ಯಾರು ಹಾಕಿದ್ದು?” ಯಾರೂ ಹಾಕಿಲ್ಲ, ನಮ್ಮ ಗಾಡಿಗೆ ಎಣ್ಣೆ ಕಡಿಮೆಯೇ ಆಗುವುದಿಲ್ಲ ಎಂದೆ. ವಾಸ್ತವವಾಗಿ ಅದರ ಬಗ್ಗೆ ನನಗೆ ಹೆಮ್ಮೆಯಿತ್ತು. ಅವರು ಕಡ್ಡಿಯನ್ನು ನನ್ನ ಮೂಗಿನ ಬಳಿ ಹಿಡಿದು, “ಕಡಿಮೆ ಆಗದ ಎಣ್ಣೆ ಉಂಟಾ ಮಾಷ್ಟ್ರೇ? ಮೂಸಿ ನೋಡಿ” ಎಂದರು. ಎಣ್ಣೆ ನೀರಿನಂತೆ ತೆಳುವಾಗಿತ್ತು, ಪೆಟ್ರೋಲಿನ ವಾಸನೆ ಹೊಡೆಯುತ್ತಿತ್ತು. ಕಾರ್ಬ್ಯುರೇಟರಿನ ಕಾಲದ ಈ ಎಂಜಿನುಗಳಲ್ಲಿ ಪೆಟ್ರೋಲನ್ನು ಮೇಲೆತ್ತುವುದು ಎಂಜಿನಿನ ಮೈಗೇ ಅಂಟಿಕೊಂಡ ಸಣ್ಣ ಪಂಪು. ಅದರೊಳಗೆ ಒಂದು ತೆಳು ಪೊರೆ ಮೇಲೆ ಕೆಳಗೆ ಆಡುತ್ತದೆ. ಪೊರೆ ಸೀಳಿದರೆ ಪೆಟ್ರೋಲ್ ನೆಲಕ್ಕೆ ಬೀಳದೆ ಎಂಜಿನ್ ಎಣ್ಣೆಯೊಳಗೇ ಇಳಿಯುತ್ತದೆ. ಹೊರಗೆ ಹನಿ ಇಲ್ಲ, ಕಲೆ ಇಲ್ಲ. ಹಾಗೆಯೇ ಓಡಿಸಿದರೆ ತೆಳುವಾದ ಎಣ್ಣೆಯಿಂದ ಬೇರಿಂಗುಗಳು ಸವೆದು ಎಂಜಿನೇ ಹಾಳಾಗುತ್ತದೆ.

ಇದು ಒಂದು ದಾರಿ. ಆದರೆ ಒಳಗೆ ಬರುವ ಅಷ್ಟು ವಾಸನೆಗೆ ಇದೊಂದೇ ಕಾರಣವಾಗಲಾರದು ಎಂದರು. “ಯಾವಾಗ ಜಾಸ್ತಿ? ಟ್ಯಾಂಕ್ ಫುಲ್ ಮಾಡಿದಾಗಲಾ, ಎಂಜಿನ್ ಬಂದ್ ಮಾಡಿದ ಮೇಲಾ, ಓಡುವಾಗಲಾ?” ಹಳೆಯ ಗಾಡಿ ಇಟ್ಟುಕೊಂಡಿರುವ ಓದುಗ ಬಂಧುಗಳಿಗೆ ಉಪಯೋಗವಾದೀತೆಂದು ಅವರು ವಿವರಿಸಿದ್ದನ್ನು ಬರೆಯುತ್ತೇನೆ. ಟ್ಯಾಂಕು ತುಂಬಿಸಿದ ದಿನ ವಾಸನೆ ಹೆಚ್ಚಾಗಿ, ಅರ್ಧಕ್ಕಿಳಿದ ಮೇಲೆ ನಿಂತರೆ, ದೋಷವು ಟ್ಯಾಂಕಿನ ಮೇಲ್ಭಾಗದಲ್ಲಿ ಅಥವಾ ಪೆಟ್ರೋಲ್ ತುಂಬುವ ಬಾಯಿಯಿಂದ ಟ್ಯಾಂಕಿಗೆ ಹೋಗುವ ರಬ್ಬರ್ ಕೊಳವೆಯಲ್ಲಿರುತ್ತದೆ. ಬಿಸಿಯಾದ ಎಂಜಿನನ್ನು ನಿಲ್ಲಿಸಿದ ಮೇಲೆ ಬಂದರೆ ಕಾರ್ಬ್ಯುರೇಟರನ್ನು ನೋಡಬೇಕು. ಓಡುವಾಗ ಬಂದರೆ ಪಂಪಿನಿಂದ ಮುಂದಿನ ಕೊಳವೆಗಳನ್ನು.

ನನ್ನಲ್ಲಿ ಉತ್ತರವಿರಲಿಲ್ಲ. ಆಗ ಆ ನೋಟ್‌ಬುಕ್ ನೆನಪಾಯಿತು.

ಸಾಲು ಸಾಲಾಗಿ ದಿನಾಂಕ, ಕಿಲೋಮೀಟರ್, ಲೀಟರ್, ಕೊಟ್ಟ ಹಣ. ಕೊನೆಯ ಅಂಕಣದಲ್ಲಿ ಅಲ್ಲಲ್ಲಿ ಎರಡೆರಡು ಪದ: “ಫುಲ್ ಟ್ಯಾಂಕ್, ವಾಸನೆ ಜಾಸ್ತಿ”, “ತಿರುವಿನಲ್ಲಿ ವಾಸನೆ”, “ಅರ್ಧ ಟ್ಯಾಂಕ್, ವಾಸನೆ ಇಲ್ಲ”. ಜೂನಿನ ಒಂದು ದಿನ: “ಸರ್‌ಗೆ ಹೇಳಿದೆ”. ಜುಲೈಯಲ್ಲಿ ಇನ್ನೊಮ್ಮೆ: “ಸರ್‌ಗೆ ಹೇಳಿದೆ”. ಟ್ಯಾಂಕು ತುಂಬಿಸಿದ ವಾರಗಳಲ್ಲಿ ಪೆಟ್ರೋಲ್ ಹೆಚ್ಚು ಹೋಗಿರುವುದು ಆ ಅಂಕಣಗಳಲ್ಲಿ ಯಾರಿಗಾದರೂ ಕಾಣುವಂತಿತ್ತು. ನಾನು ಶಾಲೆಯಲ್ಲಿ ಪ್ರಯೋಗದ ವೀಕ್ಷಣೆಗಳನ್ನು ಬರೆಸುತ್ತಿದ್ದ ಕ್ರಮವೇ ಅದು.

ಮೆಕ್ಯಾನಿಕರು ಪುಸ್ತಕವನ್ನು ಹಿಂದಿರುಗಿಸಿ, “ಚಾಕ್ ಉಂಟಾ ಮನೆಯಲ್ಲಿ?” ಎಂದು ಕೇಳಿದರು. ನಿವೃತ್ತ ಮಾಷ್ಟ್ರ ಮನೆಯಲ್ಲಿ ಸೀಮೆಸುಣ್ಣಕ್ಕೆ ಬರವೇ! ಅದನ್ನು ಅರೆದು ಪುಡಿ ಮಾಡಿ, ಕೊಳವೆಯ ಕೂಡುಗಳನ್ನು ಬಟ್ಟೆಯಿಂದ ಒರೆಸಿ, ಮೇಲೆ ಬಿಳಿ ಪುಡಿಯನ್ನು ಕುಂಚದಿಂದ ಸವರಿದರು. ತಂದಿರಿಸಿದ ಪೆಟ್ರೋಲಿನಿಂದ ಟ್ಯಾಂಕನ್ನು ಕಂಠಮಟ್ಟ ತುಂಬಿಸಿದರು. ತಿರುವಿನಲ್ಲಿ ವಾಲುವಂತೆ ನಾವಿಬ್ಬರೂ ಗಾಡಿಯನ್ನು ಪಕ್ಕದಿಂದ ಹಿಡಿದು ತೂಗಿದೆವು. ಹತ್ತು ನಿಮಿಷ ಕಳೆಯುವಷ್ಟರಲ್ಲಿ ತುಂಬುವ ಕೊಳವೆಯ ಕೆಳಗಿನ ಕ್ಲಿಪ್ಪಿನ ಬಳಿ ಬಿಳಿ ಪುಡಿ ಕಪ್ಪಾಗಿ ನೆನೆಯಿತು. ಕ್ಲಿಪ್ ಬಿಚ್ಚಿ ಕೊಳವೆಯನ್ನು ಬೆರಳಿನಿಂದ ಮಡಿಸಿದಾಗ ಬಿರುಕುಗಳು ಬಾಯಿ ತೆರೆದವು. ರಬ್ಬರಿಗೆ ವಯಸ್ಸಾಗಿತ್ತು. ಇಂಥ ಹಳೆಯ ರಬ್ಬರಿಗೆ ಎಥನಾಲ್ ಒಗ್ಗದಿರುವುದೂ ಉಂಟು. 2021ರಲ್ಲಿ ನವೀಕರಣಕ್ಕೆ ಮುನ್ನ ಬೇರೊಂದು ಗ್ಯಾರೇಜಿನವರು ಕೊಳವೆಗಳನ್ನು ಬದಲಿಸಲು ಹೇಳಿದ್ದರು. ಇನ್ನೊಮ್ಮೆ ನೋಡೋಣ ಎಂದವನು ನಾನು.

ಅಂದು ರಾತ್ರಿ ಒಂದು ಲೆಕ್ಕ ಹಾಕಿದೆ. ಮಿಲಿಲೀಟರಿಗೆ ಸುಮಾರು 40 ಹನಿಯೆಂದು ಹಿಡಿದರೆ, ತಿಂಗಳಿಗೆ ಆರು ಲೀಟರ್ ಹೋಗಲು 11 ಸೆಕೆಂಡಿಗೆ ಒಂದು ಹನಿ ಸಾಕು. ಅಂಥ ಹನಿ ಬಿಸಿಲಿನಲ್ಲಿ ನೆಲ ಮುಟ್ಟಿ ಕಲೆಯಾಗುವ ಮೊದಲೇ ಆರಿರುತ್ತದೆ. ಮಳೆಯಲ್ಲಿ ತೊಳೆದು ಹೋಗಿರುತ್ತದೆ. ಹಣದಲ್ಲಿ ಹೇಳುವುದಾದರೆ ತಿಂಗಳಿಗೆ ಆರು ನೂರು ರೂಪಾಯಿ.

ಕೊಳವೆಗಳು, ಪಂಪು, ಹೊಸ ಎಣ್ಣೆ, ಮಜೂರಿ ಸೇರಿ 3,600 ರೂಪಾಯಿ ಆಯಿತು. ಗಾಡಿ ಈಗ ಲೀಟರಿಗೆ 13 ಕೊಡುತ್ತದೆ.

ದುರಸ್ತಿಯಾದ ಮರುವಾರ ಅವನ ಮನೆಗೆ ಹೋದೆ. ಅವನ ತಾಯಿ ಬೆಲ್ಲ ನೀರು ಕೊಟ್ಟು ಕುಳ್ಳಿರಿಸಿದರು. ಮಾಷ್ಟ್ರು ಮನೆಗೆ ಬಂದರೆಂಬ ಸಂತೋಷ ಅವರ ಮುಖದಲ್ಲಿತ್ತು. ಮಗ ಮನೆಯಲ್ಲಿ ಏನನ್ನೂ ಹೇಳಿರಲಿಲ್ಲವೆಂದು ಅದರಿಂದಲೇ ತಿಳಿಯಿತು. ಅವನು ಬಂದ ಮೇಲೆ ಅಂಗಳದಲ್ಲಿ ನಿಂತು, ನಾನು ನಿನ್ನ ಮೇಲೆ ಸಂಶಯಪಟ್ಟಿದ್ದೆ, ತಪ್ಪಾಯಿತು ಎಂದೆ. ಸಿದ್ಧಪಡಿಸಿಕೊಂಡು ಹೋಗಿದ್ದ ಉಳಿದ ಮಾತುಗಳು ಬಾಯಿಗೆ ಬರಲಿಲ್ಲ. ಅವನು ನೆಲ ನೋಡುತ್ತ, “ಗೊತ್ತುಂಟು ಸರ್” ಎಂದ. ಮತ್ತೆ ಕೆಲಸಕ್ಕೆ ಬರುತ್ತೀಯಾ ಎಂದು ಕೇಳಿದೆ. ಶಾಲೆಯ ಬಸ್ಸು ನಡೆಸುತ್ತಿದ್ದೇನೆ, ಅಲ್ಲೇ ಇರುತ್ತೇನೆ ಎಂದ. ಗೇಟಿನವರೆಗೆ ಬಂದವನು, “ಪೆಟ್ರೋಲ್ ಎಲ್ಲಿಂದ ಹೋಗ್ತಿತ್ತು ಸರ್?” ಎಂದು ಕೇಳಿದ. ಕೊಳವೆಯನ್ನೂ ಪಂಪನ್ನೂ ಹೇಳಿದೆ.

“ಪಂಪ್ ನನಗೆ ಗೊತ್ತಾಗಲಿಲ್ಲ” ಎಂದ. ಸ್ವಲ್ಪ ಹೊತ್ತು ಸುಮ್ಮನಿದ್ದು, “ಎಣ್ಣೆಯೂ ಬದಲಿಸಿದ್ರಲ್ಲ ಸರ್?” ಎಂದು ಕೇಳಿದ.

ಬದಲಿಸಿದ್ದೇವೆ ಎಂದೆ.