ಅನಾರ್ಕಲಿಗಾಗಿ ಅತ್ತವನು ಅಕ್ಕನಿಗೆ ಅಂದ ಮಾತು

ಅತ್ತಿದ್ದೇನೆ ಗೆಳೆಯರೇ, ಸುಳ್ಳು ಯಾಕೆ ಹೇಳಲಿ? ಗಾಂಧಿ ಕ್ಲಾಸಿನ ಬೆಂಚಿನ ಮೇಲೆ ಕೂತು, ಪಕ್ಕದವನಿಗೆ ಕಾಣದ ಹಾಗೆ ಕರ್ಚೀಪಿನಲ್ಲಿ ಮುಖ ಒರೆಸಿಕೊಂಡು ಅತ್ತಿದ್ದೇನೆ.

ನಾನಾಗ ಪಿಯುಸಿ ಓದುತ್ತಿದ್ದೆ. ಮನೆ ದಾವಣಗೆರೆಯ ಸರಸ್ವತಿ ನಗರದಲ್ಲಿ. 1960ರಲ್ಲಿ ತೆರೆಕಂಡಿದ್ದ ಕೆ. ಆಸಿಫ್ ಅವರ ‘ಮೊಘಲ್-ಎ-ಆಜಂ’ ಊರಿಗೆ ಮತ್ತೆ ಬಂದಿತ್ತು. ಅಕ್ಬರನಾಗಿ ಪೃಥ್ವಿರಾಜ್ ಕಪೂರ್, ಸಲೀಮನಾಗಿ ದಿಲೀಪ್ ಕುಮಾರ್, ಅನಾರ್ಕಲಿಯಾಗಿ ಮಧುಬಾಲಾ! ಶೀಷ್ ಮಹಲಿನ ಕನ್ನಡಿಗಳಲ್ಲೆಲ್ಲ ಮಧುಬಾಲಾ ಕುಣಿದಾಗ ಶಿಳ್ಳೆಯೋ ಶಿಳ್ಳೆ. ಅದೇ ಹುಡುಗಿಯ ಸುತ್ತ ಗೋಡೆ ಏಳತೊಡಗಿದಾಗ ಇಡೀ ಟಾಕೀಸು ಗಪ್‌ಚಿಪ್. ನರ್ತಕಿಯೊಬ್ಬಳು ರಾಜಕುಮಾರನನ್ನು ಪ್ರೀತಿಸಿದ್ದೇ ತಪ್ಪಾ? ಆ ಬಾದಶಹನ ಮೇಲೆ ನನಗೆ ಬಂದ ಸಿಟ್ಟು ಅಷ್ಟಿಷ್ಟಲ್ಲ.

ಹೊರಗೆ ಬಂದು ಮಂಡಕ್ಕಿ-ಮಿರ್ಚಿ ತಿಂದು ಮನೆ ಕಡೆ ಹೊರಟೆ. ಬಸ್ ಸ್ಟಾಂಡಿನ ಹತ್ತಿರ ನನ್ನ ಅಕ್ಕ ನಿಂತಿದ್ದಳು. ಪಕ್ಕದಲ್ಲಿ ಒಬ್ಬ ಹುಡುಗ. ಇಬ್ಬರೂ ಏನೋ ಹೇಳಿಕೊಂಡು ನಗುತ್ತಿದ್ದರು. ಅಷ್ಟೇ ನಾನು ಕಂಡದ್ದು.

ಅವಳು ಮನೆಗೆ ಬಂದ ಕೂಡಲೇ, ಅಪ್ಪನ ಎದುರಿಗೇ, ಅವಳಿಗೆ ಒಂದು ಮಾತು ಅಂದೆ. ಅದು ಯಾವ ಮಾತು ಅಂತ ಬಿಡಿಸಿ ಹೇಳಬೇಕಿಲ್ಲ. ನಮ್ಮ ಜಿಲ್ಲೆಯ ದೊಡ್ಡ ಕೆರೆಯ ಹೆಸರಿನಲ್ಲೇ ಅದು ಇದೆ.

ಅಪ್ಪ ಅವಳ ಓದು ಬಿಡಿಸಿದರು. ಆರು ತಿಂಗಳೊಳಗೆ ಮದುವೆಯೂ ಆಗಿಹೋಯಿತು, ಅವರೇ ನೋಡಿದ ಗಂಡಿನ ಜೊತೆ. ಅಕ್ಕ ಚನ್ನಗಿರಿ ಕಡೆಯ ಹಳ್ಳಿಗೆ ಹೋದಳು. ನನ್ನ ಹತ್ತಿರ ಮಾತು ಬಿಡಲಿಲ್ಲ. ಆದರೆ ಊಟ ಆತಾ, ಅವ್ವ ಹೆಂಗದಾಳೆ, ಇಷ್ಟರಲ್ಲೇ ಮಾತು ಮುಗಿಯುತ್ತಿತ್ತು.

ಬಹಳ ವರ್ಷಗಳ ಮೇಲೆ ಅವಳ ಮನೆಗೆ ಹೋಗಿದ್ದಾಗ ತಾನಾಗೇ ಕರೆದಳು. “ಬಾರೋ ತಮ್ಮಾ, ಸೂಳೆಕೆರೆ ನೋಡ್ಕಂಡು ಬರಾಣ.”

ಎರಡು ಗುಡ್ಡಗಳ ನಡುವೆ ಏರಿ. ಉದ್ದ ಸಾವಿರ ಅಡಿಯೂ ಇಲ್ಲ, ಆದರೆ ದಪ್ಪ ನೋಡಿದರೆ ಕೋಟೆಯೇ ಸರಿ. ಅದರ ಹಿಂದೆ ಕಣ್ಣು ಹಾಯುವಷ್ಟೂ ನೀರು. 11-12ನೇ ಶತಮಾನದ್ದು ಅನ್ನುತ್ತಾರೆ. ಸಿದ್ದನ ತೂಬು, ಬಸವನ ತೂಬು ಅಂತ ಎರಡು ತೂಬು. ದೂರದ ಚಿತ್ರದುರ್ಗಕ್ಕೂ ಇಲ್ಲಿಂದ ಕುಡಿಯುವ ನೀರು ಹೋಗಿದೆ.

ಏರಿಯ ಮೇಲೆ ಕೂತು ಅಕ್ಕ ಕಥೆ ಹೇಳಿದಳು. ಈ ಕಡೆಯವರೆಲ್ಲ ಹೇಳುವ ಕಥೆಯೇ. ಬಿ.ಎಲ್. ರೈಸ್ ಅವರ ಮೈಸೂರು ಗ್ಯಾಸೆಟಿಯರ್ ಕೂಡ ಬರೆದಿಟ್ಟಿರುವಂಥದ್ದು.

ಇಲ್ಲಿ ಸ್ವರ್ಗಾವತಿ ಅಂತ ಪಟ್ಟಣ ಇತ್ತಂತೆ. ಅರಸು ವಿಕ್ರಮರಾಯ, ಅವನ ಮಗಳು ಶಾಂತವ್ವ. ಅವಳು ಸಿದ್ಧೇಶ್ವರನಿಗೆ ಮನಸ್ಸು ಕೊಟ್ಟಳು. ಅವನನ್ನು ಕಂಡು ಮನೆಗೆ ಬಂದ ಮಗಳಿಗೆ ತಂದೆ ಆ ಒಂದು ಮಾತು ಅಂದ. ಅರಸನ ಬಾಯಿಂದ ಬಂದ ಮಾತು, ವಾಪಸ್ ಹೋದೀತಾ? ಆ ಕಳಂಕ ತೊಳೆಯಲಿಕ್ಕೆ ಶಾಂತವ್ವ ಕೆರೆ ಕಟ್ಟಿಸಲು ನಿಂತಳು. ಬೇಕಾದ ಜಾಗದಲ್ಲಿ ಸೂಳೆಗೇರಿ ಇತ್ತು. ಆ ಹೆಂಗಸರು ಜಾಗ ಬಿಟ್ಟುಕೊಟ್ಟರು. ಕೇಳಿದ್ದು ಒಂದೇ: ಕೆರೆಗೆ ನಮ್ಮ ಹೆಸರಿರಲಿ. ಕೆರೆ ತುಂಬಿತು. ಬೀದಿಯೆಲ್ಲ ನೀರಿನಡಿ ಹೋಯಿತು. ತಂದೆ ಬೈದ ಮಾತೇ ಮಗಳ ಕೆರೆಗೆ ಹೆಸರಾಗಿ ಉಳಿಯಿತು.

ಕಥೆ ಮುಗಿಸಿ ಅಕ್ಕ ಅಂದಳು, “ಆಕಿ ಅರಸನ ಮಗಳು. ಒಂದು ಮಾತಿಗೆ ಕೆರೆ ಕಟ್ಟಿಸಿದ್ಲು. ನಾನೇನ್ ಕಟ್ಟಿಸ್ಲೋ?”

ನನ್ನ ಬಾಯಿ ಕಟ್ಟಿತು.

“ಆ ಹುಡುಗ ನನ್ ಕ್ಲಾಸ್‌ಮೇಟು. ನೋಟ್ಸ್ ಕೊಡಾಕೆ ಬಂದಿದ್ದ. ಅವತ್ತು ನೀನು ಕೇಳಿದ್ರೆ ಹೇಳ್ತಿದ್ದೆ.” ಸ್ವಲ್ಪ ಹೊತ್ತು ಬಿಟ್ಟು ಮತ್ತೆ ಅಂದಳು, “ಅವನ ಮೇಲೆ ಮನಸ್ಸಿತ್ತು ಅಂತಾನೇ ಇಟ್ಕ. ಆಗ್ಲೂ ಆ ಮಾತು ಅನ್ನಬೌದಿತ್ತಾ?”

“ತಪ್ಪಾತಕ್ಕಾ,” ಅಂದೆ. ಅದನ್ನು ಹೇಳಲಿಕ್ಕೆ ನನಗೆ ಅಷ್ಟು ವರ್ಷ ಬೇಕಾಗಿತ್ತು.

ಅವಳು ಕ್ಷಮಿಸಿದೆ ಅನ್ನಲಿಲ್ಲ. ಸೆರಗು ಕೊಡವಿಕೊಂಡು ಎದ್ದಳು. “ಏಳು, ಬಸ್ಸಿಗೆ ಹೊತ್ತಾತು.”

ಅನಾರ್ಕಲಿ ನಿಜವಾಗಿ ಇದ್ದಳೇ? ಜಹಾಂಗೀರ್ ಆದ ಮೇಲೆ ಸಲೀಮ್ ಬರೆದ ಆತ್ಮಕಥೆಯಲ್ಲಿ ಅವಳ ಹೆಸರಿಲ್ಲ. ಲಾಹೋರಿನಲ್ಲಿ ಅವಳದೆನ್ನುವ ಗೋರಿ ಇದೆ. 1922ರಲ್ಲಿ ಇಮ್ತಿಯಾಜ್ ಅಲಿ ತಾಜ್ ಬರೆದ ನಾಟಕದಿಂದ ಕಥೆ ಮನೆಮಾತಾಯಿತು, ಆಮೇಲೆ ಸಿನಿಮಾ. ಆಸಿಫರ ಚಿತ್ರದ ಕೊನೆ ನಿಮಗೆ ನೆನಪಿರಬೇಕು. ಅಕ್ಬರ್ ಗುಟ್ಟಾಗಿ ಸುರಂಗದಿಂದ ಅವಳನ್ನು ತಾಯಿಯ ಜೊತೆ ಕಳಿಸಿಬಿಡುತ್ತಾನೆ. ನಾನು ಬೈದಿದ್ದ ಬಾದಶಹ ಒಂದು ದಾರಿ ಇಟ್ಟಿದ್ದ. ಸರಸ್ವತಿ ನಗರದ ಈ ಸಾಹೇಬ ಅದನ್ನೂ ಇಡಲಿಲ್ಲ! ಟಿಕೆಟ್ ತಗೊಂಡು ಅಳೋದು ಸುಲಭ ಕಣ್ರೀ. ದೀಪ ಹತ್ತಿದ ಮೇಲೆ, ಮನೆ ಬಾಗಿಲಲ್ಲಿ ಗೊತ್ತಾಗುತ್ತೆ ನಾವು ಸಲೀಮನೋ ಅಕ್ಬರನೋ ಅಂತ.

ಆ ಕೆರೆಯಿಂದ ಹೊರಟ ಹರಿದ್ರಾ ಹೊಳೆ ಹರಿಹರದ ಹತ್ತಿರ ತುಂಗಭದ್ರೆಯನ್ನು ಸೇರುತ್ತದೆ. ಹರಿಹರಕ್ಕೆ ಹೋದಾಗಲೆಲ್ಲ ನನಗೆ ಏರಿಯ ಮೇಲೆ ಕೂತ ಅಕ್ಕ ನೆನಪಾಗುತ್ತಾಳೆ.

ಕೆರೆಗೆ ಈಗ ಶಾಂತಿಸಾಗರ ಅನ್ನುವ ಹೆಸರೂ ಇದೆ. ನಾಲ್ಕು ಜನರ ಮುಂದೆ ಹಳೇ ಹೆಸರು ಹೇಳಲು ಮುಜುಗರ ಪಡುವವರು ಇದನ್ನೇ ಹೇಳುತ್ತಾರೆ. ಅಕ್ಕ ಮಾತ್ರ ಸೂಳೆಕೆರೆ ಅಂತಲೇ ಅನ್ನುತ್ತಾಳೆ. “ಜಾಗ ಕೊಟ್ಟೋರು ಅದೊಂದೇ ಕೇಳಿದ್ದು, ಅದನ್ನೂ ಕಿತ್ಕಳಾದಾ?” ಅನ್ನುತ್ತಾಳೆ. ನಾನೂ ಹಾಗೇ ಅನ್ನುತ್ತೇನೆ. ಆ ಮಾತು ನನ್ನ ಬಾಯಲ್ಲಿ ಈಗ ಕೆರೆಯ ಹೆಸರಾಗಿ ಮಾತ್ರ ಬರುತ್ತದೆ.