ಜಾರದೆ ನುಡಿಸುವ ಜಾಣ್ಮೆ

ಸಭೆಗಳಲ್ಲಿರುವಂತೆ ವಾದ್ಯಗಳಲ್ಲಿಯೂ ಮುಂದಿನ ಸಾಲಿನವು, ಹಿಂದಿನ ಸಾಲಿನವು ಎಂಬ ಭೇದ ಉಂಟು. ಪಾಶ್ಚಾತ್ಯ ವಾದ್ಯವೃಂದದಲ್ಲಿ ಪಿಟೀಲಿನವರು ಮುಂದೆ, ನಿರ್ವಾಹಕನ ಕಣ್ಣೆದುರಿಗೇ ಕುಳಿತಿರುತ್ತಾರೆ. ಟ್ರೊಂಬೋನಿನವರ ಸ್ಥಾನ ಹಿಂದೆ. ಬೀಥೋವನನ ಐದನೆಯ ಸಿಂಫನಿಯಲ್ಲಿ ಮೂವರು ಟ್ರೊಂಬೋನಿಗರು ಬೇಕು. 1808ರಲ್ಲಿ ಅದು ಮೊದಲು ಪ್ರದರ್ಶಿತವಾದಂದಿನಿಂದ ಇಂದಿನವರೆಗೂ ಅವರ ಪಾಡು ಒಂದೇ. ಮೊದಲ ಮೂರು ಭಾಗಗಳು ಮುಗಿಯುವವರೆಗೆ ಅವರಿಗೆ ಒಂದು ಸ್ವರದ ಕೆಲಸವೂ ಇಲ್ಲ. ಮದುವೆಗೆ ಬಂದ ದೂರದ ನೆಂಟರಂತೆ ಕೈಕಟ್ಟಿ ಕುಳಿತಿದ್ದು, ನಾಲ್ಕನೆಯ ಭಾಗ ಬಂದೊಡನೆ ಎಲೆಯ ಮುಂದೆ ಕುಳಿತವರ ಹುರುಪಿನಿಂದ ತೊಡಗುತ್ತಾರೆ. ಆಗ ಸಭಾಂಗಣವೆಲ್ಲ ಬೆಳಗುತ್ತದೆ, ನಿಜ. ಆದರೆ ಚಪ್ಪಾಳೆ ಮಾತ್ರ ನಿರ್ವಾಹಕನಿಗೆ.

ಈ ವಾದ್ಯವನ್ನು ಹತ್ತಿರದಿಂದ ನೋಡದವರಿಗಾಗಿ ಎರಡು ಮಾತು. ಸುಮಾರು ಒಂಬತ್ತು ಅಡಿ ಉದ್ದದ ಹಿತ್ತಾಳೆಯ ಕೊಳವೆಯನ್ನು ಮಡಿಸಿ ಮಾಡಿದ್ದು ಅದು. ಕೊಳಲಿಗಿರುವಂತೆ ರಂಧ್ರಗಳಿಲ್ಲ, ವೀಣೆಗಿರುವಂತೆ ಮೆಟ್ಟುಗಳಿಲ್ಲ. ಒಂದು ಕೊಳವೆಯ ಮೇಲೆ ಇನ್ನೊಂದು ಕೊಳವೆ ಜಾರುತ್ತದೆ, ಅಷ್ಟೆ. ಅದನ್ನು ನಿಲ್ಲಿಸಲು ಏಳು ಸ್ಥಾನಗಳುಂಟು. ಆದರೆ ಆ ಸ್ಥಾನಗಳಲ್ಲಿ ಗೆರೆ ಎಳೆದಿಲ್ಲ, ಗುರುತು ಹಾಕಿಲ್ಲ. ಮೊದಲನೆಯದರಿಂದ ಎರಡನೆಯದಕ್ಕೆ ಮೂರು ಅಂಗುಲದಷ್ಟು ದೂರ. ಕೊನೆಯದನ್ನು ಮುಟ್ಟಬೇಕಾದರೆ ತೋಳನ್ನು ಪೂರ್ತಿ ಚಾಚಬೇಕು. ಪಿಟೀಲಿನವನು ಒಂದು ಬೆರಳು ಪಕ್ಕಕ್ಕೆ ಸರಿಸಿದರೆ ಅರ್ಧಸ್ವರ ಬದಲಾಗುತ್ತದೆ. ಅದೇ ಕೆಲಸಕ್ಕೆ ಇವನು ತೋಳನ್ನೇ ಓಡಿಸಬೇಕು. ಉಳಿದದ್ದೆಲ್ಲ ತುಟಿಯ ಬಿಗಿ ಮತ್ತು ಉಸಿರಿನ ಕೆಲಸ. ಇಂತಹ ವಾದ್ಯದಲ್ಲಿ ಒಬ್ಬ ಮನುಷ್ಯ ಒಂಟಿಯಾಗಿ ಸಭೆಯ ಮುಂದೆ ನಿಲ್ಲುತ್ತೇನೆಂದರೆ ಅವನ ಧೈರ್ಯಕ್ಕೆ ಮೊದಲು ನಮಸ್ಕಾರ ಹೇಳಬೇಕು.

ಹಾಗೆ ನಿಂತವರಲ್ಲಿ ಸ್ವೀಡನ್ನಿನ ಕ್ರಿಶ್ಚಿಯನ್ ಲಿಂಡ್‌ಬರ್ಗ್ ಒಬ್ಬ. 1958ರಲ್ಲಿ ಹುಟ್ಟಿದ ಈತ ಟ್ರೊಂಬೋನನ್ನು ಕೈಗೆತ್ತಿಕೊಂಡದ್ದು ಹದಿನೇಳನೆಯ ವಯಸ್ಸಿನಲ್ಲಿ. ಸಂಗೀತದಲ್ಲಿ ಅದು ತಡವಾದ ವಯಸ್ಸೇ. ಆದರೂ ಬೇಗನೆ ಒಂದು ದೊಡ್ಡ ಒಪೆರಾ ವಾದ್ಯವೃಂದದಲ್ಲಿ ಕೆಲಸ ದೊರೆಯಿತು. ಅದನ್ನು ಬಿಟ್ಟು, ಒಂಟಿ ವಾದನದಿಂದಲೇ ಬದುಕುತ್ತೇನೆಂದು ಹೊರಟ. 1980ರ ದಶಕದಲ್ಲಿ ಬಂದ ಆತನ 'ದಿ ವರ್ಚುಯೋಸೊ ಟ್ರೊಂಬೋನ್' ಎಂಬ ಧ್ವನಿಮುದ್ರಿಕೆಯನ್ನು ನಮ್ಮ ಕಾಲೇಜಿನ ಭೌತಶಾಸ್ತ್ರದ ಮಿತ್ರರೊಬ್ಬರು ನನಗೆ ಕೊಟ್ಟರು. ಪಿಯಾನೋದಲ್ಲಿ ರೋಲಂಡ್ ಪೊಂಟಿನೆನ್. ಅದನ್ನು ನಾನು ಒಂದು ವಾರದಲ್ಲಿ ಹತ್ತಾರು ಸಲವಾದರೂ ಕೇಳಿದ್ದೇನೆ. ಮೆಚ್ಚಿಕೆಯಿಂದ ಕೇಳಿದ್ದೂ ಉಂಟು, ಜಗಳಕ್ಕಾಗಿ ಕೇಳಿದ್ದೂ ಉಂಟು.

ಮೊದಲು ಮೆಚ್ಚಿಕೆ. ರಷ್ಯದ ರಿಮ್‌ಸ್ಕಿ-ಕೊರ್ಸಕೋವ್ ತನ್ನ ಒಪೆರಾವೊಂದಕ್ಕಾಗಿ ರಚಿಸಿದ 'ದುಂಬಿಯ ಹಾರಾಟ' ಇದರಲ್ಲಿದೆ. ಅರ್ಧಸ್ವರಗಳು ಒಂದರ ಬಾಲ ಇನ್ನೊಂದು ಹಿಡಿದು ಓಡುವ ರಚನೆ ಅದು. ಪಿಟೀಲಿಗೆ ಅದು ಬೆರಳಾಟ. ಟ್ರೊಂಬೋನಿಗೆ ಗರಡಿಯ ಸಾಧಕ. ಲಿಂಡ್‌ಬರ್ಗ್ ನುಡಿಸುವಾಗ ದುಂಬಿ ಕಿಟಕಿಯಿಂದ ಒಳಬಂದು, ಕೋಣೆಯನ್ನೆಲ್ಲ ಸುತ್ತಿ, ನಾವು ತಲೆಯೆತ್ತುವಷ್ಟರಲ್ಲಿ ಹೊರಗೆ ಹೋಗಿರುತ್ತದೆ. ಒಂದು ಸ್ವರವೂ ಮಸುಕಾಗುವುದಿಲ್ಲ, ಒಂದಕ್ಕೊಂದು ಅಂಟಿಕೊಳ್ಳುವುದಿಲ್ಲ.

ಅಂಟಿಕೊಳ್ಳದಿರುವುದರಲ್ಲಿಯೇ ವಿದ್ಯೆಯ ಗುಟ್ಟು ಇದೆ. ಊದುತ್ತ ಕೊಳವೆಯನ್ನು ಎಳೆದರೆ ನಾದ ತಾನಾಗಿ ಜಾರುತ್ತದೆ. ಅದು ಈ ವಾದ್ಯದ ಹುಟ್ಟುಗುಣ. ಸ್ವರದಿಂದ ಸ್ವರಕ್ಕೆ ಚೊಕ್ಕಟವಾಗಿ ದಾಟಬೇಕಾದರೆ, ಕೊಳವೆ ಚಲಿಸುವ ಕ್ಷಣದಲ್ಲಿ ನಾಲಗೆಯಿಂದ ಮೆತ್ತನೆಯ ದಕಾರದಂತಹ ಒಂದು ತಡೆ ಕೊಡಬೇಕು. ತಡೆ ಹೆಚ್ಚಾದರೆ ರಾಗ ತುಂಡಾಗುತ್ತದೆ. ಕಡಿಮೆಯಾದರೆ ಕುಡಿದವನ ಮಾತಿನಂತೆ ತೊದಲುತ್ತದೆ. ವ್ಯಂಜನದ ಅಷ್ಟು ಸೂಕ್ಷ್ಮವಾದ ಉಚ್ಚಾರಣೆಯನ್ನು ವ್ಯಾಕರಣ ಪಾಠಮಾಡುವ ನಾವೂ ಸಾಧಿಸಿಲ್ಲ.

ವೀಣೆಯ ಪಾಠ ಹೇಳುವ ನನ್ನ ಹೆಂಡತಿ ಇದನ್ನೆಲ್ಲ ಕೇಳಿ, "ಅಲ್ಲಾ ಅಂದ್ರೆ, ಜಾರೋದಕ್ಕೇ ಮಾಡಿದ ವಾದ್ಯ ಅಂತೀರಿ. ಜಾರದೇ ಇರೋದನ್ನ ಜನ್ಮವೆಲ್ಲ ಕಲೀಬೇಕು ಅಂತಲೂ ಅಂತೀರಿ. ಒಂದು ಸಲ ಜಾರಿದರೆ ಏನಂತೆ?" ಎಂದಳು. ಮಂಗಳೂರಿನ ಕದ್ರಿ ಗೋಪಾಲನಾಥರು (1949-2019) ಸ್ಯಾಕ್ಸೋಫೋನಿನಿಂದ ಗಮಕ ಹೊರಡಿಸಲು ವರ್ಷಗಟ್ಟಲೆ ದುಡಿದರು. ಅವರು ಇದನ್ನು ಹಿಡಿದಿದ್ದರೆ ಅರ್ಧ ಶ್ರಮ ಉಳಿಯುತ್ತಿತ್ತು ಎಂಬುದು ಅವಳ ತೀರ್ಪು. ನಾನು ಒಪ್ಪಲಿಲ್ಲ. ಒಂದೇ ಎಳೆತದಲ್ಲಿ ಈ ವಾದ್ಯ ಜಾರಬಲ್ಲದ್ದು ಷಡ್ಜದಿಂದ ಪ್ರತಿಮಧ್ಯಮದಷ್ಟು ದೂರ ಮಾತ್ರ. ಮುಂದೆ ಹೋಗಬೇಕಾದರೆ ತುಟಿ ಬದಲಾಗಬೇಕು. ಅಲ್ಲದೆ ಜಾರಿದ್ದೆಲ್ಲ ಗಮಕವಲ್ಲ. ಆದರೂ ಅವಳ ಪ್ರಶ್ನೆ ಕಿವಿಯಲ್ಲಿ ಉಳಿಯಿತು. ಸಾಧನೆಯೆಂದರೆ ವಾದ್ಯದ ಸ್ವಭಾವವನ್ನು ಮರೆಸುವುದೇ, ಅಥವಾ ಅದನ್ನು ಮಾತಾಡಿಸುವುದೇ?

ಇನ್ನು ಜಗಳ. ಅಮೆರಿಕದ ಸೂಸನ ಬ್ಯಾಂಡಿನಲ್ಲಿ 1890ರ ದಶಕದಲ್ಲಿ ಹೆಸರು ಮಾಡಿದ ಆರ್ಥರ್ ಪ್ರಯರ್ ಎಂಬ ಟ್ರೊಂಬೋನಿಗ 'ಬ್ಲೂ ಬೆಲ್ಸ್ ಆಫ್ ಸ್ಕಾಟ್‌ಲೆಂಡ್' ಎಂಬ ಹಳೆಯ ಹಾಡಿನ ಮೇಲೆ ತನಗಾಗಿ ಒಂದು ರಚನೆ ಮಾಡಿಕೊಂಡ. ಹಾಡು ಸರಳವಾದದ್ದು. ಯುದ್ಧಕ್ಕೆ ಹೋದ ನಲ್ಲನ ನೆನಪಿನಲ್ಲಿರುವ ಹೆಣ್ಣಿನದು. ಲಿಂಡ್‌ಬರ್ಗ್ ಮೊದಲು ಆ ಹಾಡನ್ನು ಹಾಗೆಯೇ ನುಡಿಸುತ್ತಾನೆ. ಲೋಹದ ಕೊಳವೆಯಿಂದ ಮನುಷ್ಯಕಂಠ ಬಂದಂತಾಗುತ್ತದೆ. ಕೇಳುವವರ ಮನಸ್ಸು ತೇವವಾಗುತ್ತದೆ. ಆಮೇಲೆ ಶುರು, ವಿಸ್ತಾರಗಳು. ಸ್ವರಗಳು ಮೂರು ಮೂರಾಗಿ ಹಾರುತ್ತವೆ. ಮೇಲಿನ ಸ್ಥಾಯಿಯ ತುದಿಯಿಂದ ಪಾತಾಳದ ಸ್ವರಕ್ಕೆ ಒಂದೇ ನೆಗೆತ. ಅಲ್ಲಿಂದ ಮತ್ತೆ ಮೇಲಕ್ಕೆ. ಬೆರಗಾಗದವರು ಯಾರು? ಆದರೆ ಎರಡನೆಯ ವಿಸ್ತಾರದ ಹೊತ್ತಿಗೆ ಆ ಹೆಣ್ಣು ಸಭೆಯಿಂದ ಎದ್ದುಹೋಗಿರುತ್ತಾಳೆ. ಅವಳನ್ನು ಯಾರೂ ತಡೆಯುವುದಿಲ್ಲ. ನಾವೆಲ್ಲ ನೆಗೆತಗಳನ್ನು ಎಣಿಸುತ್ತಿರುತ್ತೇವೆ.

ನನ್ನ ಕಸುಬಿನಲ್ಲಿ ಇದು ಹಳೆಯ ತಕರಾರು. ಚಕ್ರಬಂಧ, ಪದ್ಮಬಂಧಗಳನ್ನು ಕಪ್ಪುಹಲಗೆಯ ಮೇಲೆ ಬಿಡಿಸಿ ತೋರಿಸಿದ ದಿನ ಹುಡುಗರು ಗಂಟೆ ಹೊಡೆದರೂ ಏಳುವುದಿಲ್ಲ. ಮರುದಿನ ಕರುಣರಸದ ಪದ್ಯಕ್ಕೆ ಹಿಂದಿನ ಬೆಂಚು ಖಾಲಿ. ಒಂಬತ್ತನೆಯ ಶತಮಾನದ ಆನಂದವರ್ಧನ ಇಂತಹ ಚಿತ್ರಕಾವ್ಯವನ್ನು ಎಲ್ಲಕ್ಕಿಂತ ಕೆಳಗಿನ ಮೆಟ್ಟಿಲಲ್ಲಿ ಕೂಡಿಸಿದ. ಅದು ಕಾವ್ಯದ ಅನುಕರಣೆ ಮಾತ್ರ ಎಂಬುದು ಅವನ ಮತ. ಆದರೆ ಅವನ ಪಕ್ಷ ವಹಿಸಿ ಲಿಂಡ್‌ಬರ್ಗನನ್ನು ತಳ್ಳಿಹಾಕಲು ನನಗೆ ಮನಸ್ಸಿಲ್ಲ. ಏಕೆಂದರೆ, ಆ ನೆಗೆತಗಳನ್ನು ಸಾಧಿಸದವನಿಗೆ ಮೊದಲ ಸರಳ ಹಾಡನ್ನು ಹಾಗೆ ನುಡಿಸಲು ಬರುವುದೂ ಇಲ್ಲ. ಅದೇ ಮುದ್ರಿಕೆಯಲ್ಲಿ ಕ್ರೈಸ್ಲರನ ಒಂದು ಪುಟ್ಟ ಪಿಟೀಲು ರಚನೆ ಇದೆ. ಪ್ರೇಮದ ದುಃಖ ಎಂದು ಅದರ ಹೆಸರಿನ ಅರ್ಥ. ಅಲ್ಲಿ ನೆಗೆತಗಳ ಪ್ರದರ್ಶನವಿಲ್ಲ. ನೆಗೆಯಬಲ್ಲವನು ನಡೆಯುವಾಗ ಬರುವ ಠೀವಿ ಇದೆ. ನನ್ನ ಹೆಂಡತಿ ತಲೆದೂಗಿದ್ದು ಅದೊಂದಕ್ಕೇ.

ಈ ಜಗಳಕ್ಕೆ ಮುದ್ರಿಕೆಯೊಳಗೇ ಒಬ್ಬ ಪಂಚಾಯಿತಿದಾರನಿದ್ದಾನೆ. ಆತ ಇಟಲಿಯ ಲೂಚಾನೊ ಬೆರಿಯೊ. 1966ರಲ್ಲಿ ಅವನು ಒಂಟಿ ಟ್ರೊಂಬೋನಿಗಾಗಿ ರಚಿಸಿದ ಐದನೆಯ 'ಸೆಕ್ವೆಂಜಾ' ಗ್ರೋಕ್ ಎಂಬ ಸ್ವಿಸ್ ವಿದೂಷಕನ ಸ್ಮರಣೆಗೆ ಮೀಸಲು. ಒನೇಲ್ಯ ಎಂಬ ಊರಿನಲ್ಲಿ ಗ್ರೋಕನ ಮನೆಯ ಹತ್ತಿರವೇ ಬೆರಿಯೊ ಬೆಳೆದದ್ದು. ಹುಡುಗನಾಗಿದ್ದಾಗ ಅವನ ತೋಟಕ್ಕೆ ನುಗ್ಗಿ ಕಿತ್ತಳೆ ಕದಿಯುತ್ತಿದ್ದನಂತೆ. ಒಮ್ಮೆ ರಂಗದ ಮೇಲೆ ಆ ವಿದೂಷಕ ಆಟದ ನಡುವೆ ಥಟ್ಟನೆ ನಿಂತು, ಸಭೆಯನ್ನು ದಿಟ್ಟಿಸಿ, "ಏಕೆ?" ಎಂದು ಕೇಳಿದ. ಹುಡುಗನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಆಮೇಲೆ ಅವನು ಆ ತೋಟದಲ್ಲಿ ಕಿತ್ತಳೆ ಕದಿಯಲಿಲ್ಲವಂತೆ.

ಆ ರಚನೆಯಲ್ಲಿ ವಾದಕ ಊದುತ್ತಲೇ ಕಂಠದಿಂದಲೂ ಹಾಡಬೇಕು. ಉಸಿರೆಳೆದುಕೊಳ್ಳುವಾಗಲೂ ಧ್ವನಿ ಹೊರಡಬೇಕು. ವಾದ್ಯದ ಬಾಯಿಗೆ ಮುಚ್ಚಳ ಹಿಡಿದು ತೆಗೆದು ಸ್ವರಾಕ್ಷರಗಳನ್ನು ಹೊರಡಿಸಬೇಕು. ನಿಂತು ಚಮತ್ಕಾರ ತೋರಿಸುತ್ತಿದ್ದವನು ನಡುವೆ ಆ ಒಂದು ಪ್ರಶ್ನೆ ಕೇಳಿ ಕುಳಿತುಬಿಡುತ್ತಾನೆ, ಉಳಿದದ್ದು ಕುಳಿತೇ. ಮುದ್ರಿಕೆಯಲ್ಲಿ ಕುಳಿತದ್ದು ಕಾಣುವುದಿಲ್ಲ, ಅದೊಂದು ನಷ್ಟ. ಆದರೆ ಪ್ರಶ್ನೆ ಕೇಳಿಸುತ್ತದೆ. ಆಮೇಲಿನ ನಾದ ಮನುಷ್ಯನದೋ ಕೊಳವೆಯದೋ ಬೇರ್ಪಡಿಸಲಾಗದು. ನರಳಿಕೆ, ಗೊಣಗು, ಅರ್ಧಕ್ಕೆ ನಿಂತ ಮಾತು, ಎಲ್ಲ ಉಂಟು. ವಾದ್ಯ ಯಾವ ಸಂಕೋಚವೂ ಇಲ್ಲದೆ ಜಾರುತ್ತದೆ. ದುಂಬಿಯನ್ನು ಹಾರಿಸಿದ ಅದೇ ನಾಲಗೆ, ಅದೇ ತೋಳು. ಇದು ಇಂಪಾಗಿದೆ ಎಂದು ನಾನು ಹೇಳಲಾರೆ. ಊಟವಾದ ಮೇಲೆ ಕೇಳುವ ಸಂಗೀತವಂತೂ ಅಲ್ಲ. ಆದರೆ ಇಡೀ ಮುದ್ರಿಕೆಯಲ್ಲಿ ಚಮತ್ಕಾರಕ್ಕೆ ಒಂದು ಕಾರಣ ಸಿಕ್ಕಿದ್ದು ಇಲ್ಲಿಯೇ ಎಂದು ನನಗೆ ತೋರುತ್ತದೆ.

ನಲವತ್ತು ದಾಟಿದ ಮೇಷ್ಟರಿಗೆ ತಮ್ಮ ವಿದ್ಯೆಯ ವರಸೆಗಳೆಲ್ಲ ಕೈವಶವಾಗಿರುತ್ತವೆ. ಎಲ್ಲಿ ಧ್ವನಿ ತಗ್ಗಿಸಿದರೆ ತರಗತಿ ನಿಶ್ಶಬ್ದವಾಗುತ್ತದೆ, ಯಾವ ಶ್ಲೇಷೆಗೆ ನಗು ಬರುತ್ತದೆ, ಎಲ್ಲವೂ ಗೊತ್ತು. ಹೀಗೆ ಇನ್ನೂ ಹದಿನೈದು ವರ್ಷ ಸುಖವಾಗಿ ತಳ್ಳಬಹುದು. ಅಂತಹ ವಯಸ್ಸಿನಲ್ಲಿ, ಹಿಂದಿನ ಸಾಲಿನ ವಾದ್ಯವೊಂದು ಮುಂದೆ ಬಂದು, ತನಗೆ ಬರುವುದನ್ನೆಲ್ಲ ತೋರಿಸಿ, ಚಪ್ಪಾಳೆ ಬೀಳುವ ಮೊದಲೇ "ಏಕೆ?" ಎಂದು ಕೇಳಿದರೆ, ಅದು ತನ್ನನ್ನು ಮಾತ್ರ ಕೇಳಿಕೊಂಡಂತೆ ಆಗುವುದಿಲ್ಲ. ಉತ್ತರ ನನ್ನಲ್ಲಿ ಸಿದ್ಧವಾಗಿಲ್ಲ. ಮುಂದಿನ ವಾರ ಚಕ್ರಬಂಧದ ಪಾಠವಿದೆ. ಅದನ್ನು ಹಲಗೆಯ ಮೇಲೆ ಬಿಡಿಸಿ ಮುಗಿಸಿದ ಮೇಲೆ ಹುಡುಗರಿಗೂ ಈ ಪ್ರಶ್ನೆಯನ್ನೇ ಕೊಡಬೇಕೆಂದಿದ್ದೇನೆ.