ಕೂಕಟ್‌ಪಲ್ಲಿಯ ಫಿಯಟ್, ಬೆಂಗಳೂರಿನ ತೀರ್ಪು

ಹೈದರಾಬಾದಿನ ಕೂಕಟ್‌ಪಲ್ಲಿಯಿಂದ ಬೆಂಗಳೂರಿಗೆ ರಸ್ತೆಯಲ್ಲಿ ಆರುನೂರು ಕಿಲೋಮೀಟರಿಗೆ ತುಸು ಕಡಿಮೆ. ಈಗಿನ ಕಾರು ಬೆಳಿಗ್ಗೆ ಹೊರಟರೆ ಸಂಜೆಗೆ ಮುಟ್ಟುತ್ತದೆ. 1968ರ ಫಿಯಟ್ 1100ಡಿಗೆ ಅದು ನಡುವೆ ರಾತ್ರಿ ತಂಗಿ ಮುಗಿಸಬೇಕಾದ ದಾರಿ. ತೀರ್ಪುಗಾರರು ಅಂಕ ಕೊಡುವ ಹಳೆ ಕಾರುಗಳ ಪ್ರದರ್ಶನಕ್ಕೆ ಹೋಗುವವರಲ್ಲಿ ಬಹಳ ಮಂದಿ ಕಾರನ್ನು ಟ್ರಕ್ಕಿಗೆ ಏರಿಸಿ, ಮೇಲೆ ಟಾರ್ಪಾಲು ಬಿಗಿದು ಕಳಿಸುತ್ತಾರೆ. ದೂಳು ಕೂರುವುದಿಲ್ಲ, ಗಾಜಿಗೆ ಕಲ್ಲು ಸಿಡಿಯುವುದಿಲ್ಲ. ನಮ್ಮ ಮನೆಯ ಫಿಯಟ್ ಓಡಿಕೊಂಡೇ ಹೋಯಿತು. ಸಂಸಾರ ಹೊತ್ತು ತಿರುಗಿದ ಕಾರು ಪರೀಕ್ಷೆಗೆ ಮಾತ್ರ ಬೇರೊಬ್ಬರ ಬೆನ್ನೇರಿ ಹೋಗುವುದು ಸರಿಯಲ್ಲ ಎಂಬುದು ಮನೆಯ ಹಿರಿಯರಾದ ಕಾಕಾ ಅವರ ಹಟವಾಗಿತ್ತು.

ಫಿಯಟ್ 1100ಡಿ ಭಾರತದಲ್ಲಿ ಮಾರಾಟಕ್ಕೆ ಬಂದದ್ದು 1964ರಲ್ಲಿ. ತಯಾರಿಸಿದ್ದು ಮುಂಬೈ ಕುರ್ಲಾದ ಪ್ರೀಮಿಯರ್ ಆಟೊಮೊಬೈಲ್ಸ್. ಇದೇ ಕಾರು ಮುಂದೆ ಪ್ರೀಮಿಯರ್ ಪ್ರೆಸಿಡೆಂಟ್ ಆಗಿ, 1974ರಿಂದ ಪ್ರೀಮಿಯರ್ ಪದ್ಮಿನಿಯಾಗಿ ಉಳಿಯಿತು. ಮುಂಬೈಯ ಕಪ್ಪು-ಹಳದಿ ಟ್ಯಾಕ್ಸಿಗಳಲ್ಲಿ ಕೊನೆಯ ಪದ್ಮಿನಿ ನಿವೃತ್ತವಾದದ್ದು 2023ರ ಅಕ್ಟೋಬರಿನಲ್ಲಿ. ನಾಲ್ಕು ಸಿಲಿಂಡರಿನ 1089 ಸಿಸಿ ಎಂಜಿನ್, ಸ್ಟಿಯರಿಂಗ್ ಕಂಬದ ಮೇಲೆಯೇ ಗೇರು, ಮುಂದೆಯೂ ಮೂವರು ಕೂರಬಹುದಾದ ಒಂದೇ ಉದ್ದ ಸೀಟು, ನಾಲ್ಕೂ ಚಕ್ರಕ್ಕೆ ಡ್ರಮ್ ಬ್ರೇಕು: ಇಷ್ಟೇ ಇದರ ಸಂಪತ್ತು. ಇಟಲಿಯಲ್ಲಿ 1100ಡಿ ಎಂಬ ಹೆಸರಿನಲ್ಲೇ ಮಾರಿದ ಕಾರಿಗೆ 1221 ಸಿಸಿ ಎಂಜಿನ್ ಇತ್ತು. ಭಾರತದ್ದು ಹಳೆಯ 1089ನ್ನೇ ಉಳಿಸಿಕೊಂಡಿತು. ಹೊರದೇಶದಿಂದ ಪಿಸ್ಟನ್ ತರಿಸಿ, ಪೆಟ್ಟಿಗೆ ಬಿಚ್ಚಿದ ಮೇಲೆ ಹಣೆ ಚಚ್ಚಿಕೊಂಡವರು ಹೈದರಾಬಾದಿನಲ್ಲೂ ಇದ್ದಾರೆ.

ಕಾರು ಕೊಂಡ ಅಜ್ಜ ಕಲಬುರ್ಗಿ ಸೀಮೆಯಿಂದ ನೌಕರಿಗೆಂದು ನಿಜಾಮರ ಊರಿಗೆ ಬಂದವರು. 1956ರಲ್ಲಿ ಬೀದರ್, ಕಲಬುರ್ಗಿ, ರಾಯಚೂರು ಜಿಲ್ಲೆಗಳು ಮೈಸೂರು ರಾಜ್ಯಕ್ಕೆ ಸೇರಿದರೂ ಇಂಥ ಎಷ್ಟೋ ಮನೆಗಳು ಹಿಂತಿರುಗಲಿಲ್ಲ. ಆ ಕಾಲಕ್ಕೆ ದುಡ್ಡು ಕಟ್ಟಿ ವರ್ಷಗಟ್ಟಲೆ ಕಾದರೆ ಮಾತ್ರ ಫಿಯಟ್ ಕೈಗೆ ಸಿಗುತ್ತಿತ್ತು. ಮದುವೆ, ಹೆರಿಗೆ, ಗಾಣಗಾಪುರದ ದತ್ತನ ದರ್ಶನ, ಕಾಚಿಗುಡದ ಕರ್ನಾಟಕ ಸಾಹಿತ್ಯ ಮಂದಿರದ ಕಾರ್ಯಕ್ರಮ, ಎಲ್ಲದಕ್ಕೂ ಅದೇ ಕಾರು. ಮಾರುತಿ 800 ಬಂದ ಮೇಲೆ ಫಿಯಟ್ ಮೂಲೆ ಸೇರಿತು. ಮನೆ ಕೂಕಟ್‌ಪಲ್ಲಿಗೆ ಬದಲಾದಾಗ ಅದೂ ಜೊತೆಗೆ ಬಂತು, ಆದರೆ ಎಳೆಸಿಕೊಂಡು.

ಇಂಥ ಕಾರನ್ನು ಮತ್ತೆ ರಸ್ತೆಗೆ ತರಲು ಮೊದಲು ಬೇಕಾದದ್ದು ಕಾಗದ. ಕೇಂದ್ರ ಸಾರಿಗೆ ಸಚಿವಾಲಯ 2021ರ ಜುಲೈನಲ್ಲಿ ಮೋಟಾರು ವಾಹನ ನಿಯಮಗಳಿಗೆ ತಿದ್ದುಪಡಿ ತಂದು, ಮೊದಲ ನೋಂದಣಿಯಿಂದ 50 ವರ್ಷ ದಾಟಿದ, ಮೂಲರೂಪ ಕೆಡದ ಸ್ವಂತ ಬಳಕೆಯ ವಾಹನಗಳನ್ನು ವಿಂಟೇಜ್ ಎಂದು ಗುರುತಿಸಿತು. ಚಾಸಿ, ಬಾಡಿ, ಎಂಜಿನ್ ಮೂರರಲ್ಲೂ ದೊಡ್ಡ ಮಾರ್ಪಾಡು ಇರಕೂಡದು. ಹೊಸದಾಗಿ ನೋಂದಣಿಯಾದರೆ ಶುಲ್ಕ 20,000 ರೂಪಾಯಿ, ನಂಬರಿನಲ್ಲಿ ‘ವಿಎ’ ಅಕ್ಷರ, ಹತ್ತು ವರ್ಷದ ಮಾನ್ಯತೆ. ಮೊದಲೇ ನೋಂದಣಿಯಾದ ಕಾರು ತನ್ನ ಹಳೆಯ ನಂಬರನ್ನು ಉಳಿಸಿಕೊಳ್ಳಬಹುದು. ನಮ್ಮ ಕಾರಿನ ಎಪಿ ಅಕ್ಷರಗಳ ಹಳೆ ನಂಬರು ಉಳಿದದ್ದು ಹೀಗೆ; ರಾಜ್ಯದ ಅಕ್ಷರ ಈ ನಡುವೆ ಟಿಎಸ್ ಆಗಿ, ಟಿಜಿಯೂ ಆಯಿತು. ಇದಕ್ಕೊಂದು ಬೆಲೆಯೂ ಇದೆ: ವಿಂಟೇಜ್ ಕಾರನ್ನು ದಿನನಿತ್ಯ ಓಡಿಸುವಂತಿಲ್ಲ. ಪ್ರದರ್ಶನ, ರ‍್ಯಾಲಿ, ತಾಂತ್ರಿಕ ಸಂಶೋಧನೆ, ಪೆಟ್ರೋಲು, ರಿಪೇರಿ, ಇಷ್ಟಕ್ಕೆ ಮಾತ್ರ ರಸ್ತೆ. ಬೆಂಗಳೂರಿನ ಪ್ರದರ್ಶನದ ಆಹ್ವಾನ ಪತ್ರವೇ ಈ ಪ್ರಯಾಣದ ರಹದಾರಿ.

ರಿಪೇರಿಗೆ ಕೂಕಟ್‌ಪಲ್ಲಿ ಅನುಕೂಲದ ಜಾಗ. ಪಕ್ಕದ ಬಾಲಾನಗರ ಲೇತು, ಮೋಲ್ಡು, ಪ್ಲೇಟಿಂಗ್ ಕೆಲಸದ ಪೇಟೆ. 1968ರಲ್ಲೇ, ಅಂದರೆ ಈ ಕಾರಿನ ವರ್ಷದಲ್ಲೇ, ಕೇಂದ್ರ ಸರ್ಕಾರದ ಟೂಲ್ ಡಿಸೈನ್ ಸಂಸ್ಥೆ ಅಲ್ಲಿ ಆರಂಭವಾಯಿತು. ಅಂಗಡಿಯಲ್ಲಿ ಸಿಗದ ಬುಷ್ಷು, ಪಿನ್ನು ಆ ಪೇಟೆಯ ಲೇತುಗಳಲ್ಲಿ ಕಡೆದು ಕೊಡುತ್ತಾರೆ. ಹಳೆ ಬಿಡಿಭಾಗಕ್ಕೆ ಪುತ್ಲಿಬೌಲಿ, ಸಿಕಂದರಾಬಾದಿನ ರಾಣಿಗಂಜ್ ಸುತ್ತಬೇಕು. ಅಲ್ಲೂ ಇಲ್ಲದ್ದಕ್ಕೆ ಬೆಂಗಳೂರಿನ ಜೆ.ಸಿ. ರಸ್ತೆ, ಶಿವಾಜಿನಗರದ ಗುಜರಿ. ನೆಲದ ತಗಡು ತುಕ್ಕು ಹಿಡಿದು ಕೈಗೆ ಉದುರುತ್ತಿತ್ತು. ಕತ್ತರಿಸಿ ಹೊಸ ತಗಡು ಬೆಸೆದು, ಟಿಂಕರಿಂಗ್ ಮುಗಿಸಿ, ಬಾಗಿಲ ಒಳಮೂಲೆಯಲ್ಲಿ ಉಳಿದಿದ್ದ ಮೂಲ ಬಣ್ಣಕ್ಕೆ ಹೊಂದುವ ಬಣ್ಣ ಬೆರೆಸಿ ಹೊಡೆಯಲಾಯಿತು. ಇಂದಿನ ಮೆಟಾಲಿಕ್ ಬಣ್ಣದ ಆಸೆಗೆ ಬೀಳದಿರುವುದೇ ಈ ಕೆಲಸದಲ್ಲಿ ಅರ್ಧ ಗೆಲುವು.

ನಸುಕಿನಲ್ಲಿ ಹೊರಡುವ ಕಾರಿಗೆ ಎರಡು ದಾರಿ. ಊರೊಳಗಿಂದ ಮೆಹದಿಪಟ್ಟಣಂ ತಲುಪಿ, 2009ರಲ್ಲಿ ತೆರೆದ 11.6 ಕಿಲೋಮೀಟರ್ ಉದ್ದದ ಪಿ.ವಿ. ನರಸಿಂಹರಾವ್ ಮೇಲ್ಸೇತುವೆ ಹಿಡಿಯುವುದು ಒಂದು. ಗಚ್ಚಿಬೌಲಿಗೆ ಬಂದು 158 ಕಿಲೋಮೀಟರಿನ ಹೊರವರ್ತುಲ ರಸ್ತೆಯನ್ನು ಏರುವುದು ಇನ್ನೊಂದು. ನಿಂತು ನಿಂತು ಹೋಗುವ ಊರ ಟ್ರಾಫಿಕ್ಕಿನಲ್ಲಿ ಹಳೆ ರೇಡಿಯೇಟರ್ ಕುದಿಯುತ್ತದೆ, ಆದ್ದರಿಂದ ಎರಡನೆಯದೇ ವಾಸಿ. ಎಡಗಡೆಯ ಲೇನಿನಲ್ಲಿ ಅರವತ್ತರ ಆಸುಪಾಸಿನಲ್ಲಿ ಸಾಗುತ್ತಿದ್ದರೆ ಹಿಮಾಯತ್ ಸಾಗರದ ಕಟ್ಟೆ ಎದುರಾಗುತ್ತದೆ. 1908ರ ಸೆಪ್ಟೆಂಬರಿನಲ್ಲಿ ಮೂಸಿ ಉಕ್ಕಿ ಹೈದರಾಬಾದನ್ನು ಕೊಚ್ಚಿದ ಮೇಲೆ ನಿಜಾಮರು ಮೋಕ್ಷಗುಂಡಂ ವಿಶ್ವೇಶ್ವರಯ್ಯನವರನ್ನು ಕರೆಸಿದರು. ಪ್ರವಾಹ ತಡೆಯಲು ಅವರು ಹಾಕಿಕೊಟ್ಟ ಯೋಜನೆಯಿಂದ ಹುಟ್ಟಿದ ಎರಡು ಜಲಾಶಯಗಳಲ್ಲಿ ಇದೊಂದು. ಇನ್ನೊಂದು ಉಸ್ಮಾನ್ ಸಾಗರ. ವಿಶ್ವೇಶ್ವರಯ್ಯನವರಿಗೂ ಈ ಫಿಯಟ್‌ಗೂ ನಂಟಿದೆ, ಆದರೆ ಅದರ ಜಾಗ ದಾರಿಯ ಆ ತುದಿಯಲ್ಲಿ.

ಶಂಷಾಬಾದಿನಿಂದ ರಾಷ್ಟ್ರೀಯ ಹೆದ್ದಾರಿ 44. ಶಾದ್‌ನಗರ, ಜಡ್ಚರ್ಲ ದಾಟುವಷ್ಟರಲ್ಲಿ ಬಿಸಿಲು ಏರಿ ಎಂಜಿನ್ ಗೊಣಗತೊಡಗುತ್ತದೆ. ಫಿಯಟ್‌ನ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿದ್ದು, ಅದು ಕಾದರೆ ಒಳಗಿನ ಪೆಟ್ರೋಲು ಆವಿಯಾಗಿ ಕಾರ್ಬುರೇಟರಿಗೆ ತಲುಪುವುದಿಲ್ಲ. ಪಂಪಿನ ಮೇಲೆ ಒದ್ದೆ ಬಟ್ಟೆ ಸುತ್ತುವುದು ನಮ್ಮ ಡ್ರೈವರುಗಳು ತಲೆತಲಾಂತರದಿಂದ ಬಲ್ಲ ಮದ್ದು. ಅವರಿಗೆ ಗೊತ್ತಿರದ ರೋಗ ಈಗಿನದು: ಶೇ. 20 ಎಥನಾಲ್ ಬೆರೆಸಿದ ಪೆಟ್ರೋಲು. 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಚಾಲನೆ ಪಡೆದ ಈ ಇಂಧನ ನೀರಿನ ಅಂಶವನ್ನು ಎಳೆದುಕೊಳ್ಳುತ್ತದೆ, ಹಳೆಯ ರಬ್ಬರಿನ ಹೋಸು ಮತ್ತು ಡಯಾಫ್ರಮ್ಮನ್ನು ತಿನ್ನುತ್ತದೆ. ಎಥನಾಲ್ ತಾಳುವ ರಬ್ಬರು ಹಾಕದೆ ಹಳೆ ಕಾರನ್ನು ದೂರದ ದಾರಿಗೆ ಇಳಿಸಬಾರದು. ಬಾನೆಟ್ಟಿನೊಳಗೆ ಪೆಟ್ರೋಲ್ ಸೋರಿದರೆ ಬೆಂಕಿಗೆ ಬೇರೆ ನೆಪ ಬೇಕಿಲ್ಲ.

ಬೀಚುಪಲ್ಲಿಯಲ್ಲಿ ಕೃಷ್ಣೆ, ಕರ್ನೂಲಿನ ಅಂಚಿನಲ್ಲಿ ತುಂಗಭದ್ರೆ. ಎರಡು ನದಿಗಳ ನಡುವೆ ಹೆದ್ದಾರಿಯಿಂದ ತುಸು ಒಳಗೆ ಆಲಂಪುರವಿದೆ. ಅಲ್ಲಿನ ನವಬ್ರಹ್ಮ ಗುಡಿಗಳು ಬಾದಾಮಿ ಚಾಲುಕ್ಯರ ಕಾಲದವು. ಐಹೊಳೆ, ಪಟ್ಟದಕಲ್ಲು ನೋಡಿದ ಕಣ್ಣಿಗೆ ಅಲ್ಲಿನ ಶಿಖರಗಳು ನೆಂಟರಂತೆ ಕಾಣುತ್ತವೆ. ಕರ್ನೂಲಿನಲ್ಲಿ ರಾತ್ರಿ. ಟೋಲುಗಳಲ್ಲಿ ಈ ಕಾರಿಗೂ ಫಾಸ್ಟ್ಯಾಗ್ ಬೇಕು, 1968ರ ಗಾಜಿನ ಮೇಲೆ 2021ರಲ್ಲಿ ಕಡ್ಡಾಯವಾದ ಚೀಟಿ. ಕಾನೂನು ಬಯಸುವ ಇಂಥ ಸೇರ್ಪಡೆಗೆ ತೀರ್ಪುಗಾರರು ಸಾಮಾನ್ಯವಾಗಿ ಅಂಕ ಕಡಿಯುವುದಿಲ್ಲ.

ಮರುದಿನ ಡೋನ್, ಗುತ್ತಿ, ಅನಂತಪುರ. ಗುತ್ತಿಯ ಕೋಟೆ ದೂರದಿಂದಲೇ ಕಾಣುತ್ತದೆ, ನಿಲ್ಲಲು ಹೊತ್ತಿಲ್ಲ. 1565ರ ಯುದ್ಧದ ನಂತರ ವಿಜಯನಗರದ ಅರಸರು ರಾಜಧಾನಿ ಮಾಡಿಕೊಂಡ ಪೆನುಕೊಂಡದ ಬಳಿ ಈಗ ಹೆದ್ದಾರಿಯ ಪಕ್ಕದಲ್ಲೇ ಕೊರಿಯಾದ ಕಿಯಾ ಕಂಪನಿಯ ಕಾರ್ಖಾನೆ. 2019ರಲ್ಲಿ ತಯಾರಿಕೆ ಆರಂಭಿಸಿದಾಗ ಇದರ ಸಾಮರ್ಥ್ಯ ವರ್ಷಕ್ಕೆ ಮೂರು ಲಕ್ಷ ಕಾರು. ಅಜ್ಜನ ಕಾಲದಲ್ಲಿ ಇಡೀ ದೇಶ ಸೇರಿ ಇಷ್ಟು ಕಾರು ತಯಾರಿಸುತ್ತಿರಲಿಲ್ಲ.

ಕೊಡಿಕೊಂಡ ಚೆಕ್‌ಪೋಸ್ಟ್ ದಾಟಿದರೆ ಬಾಗೇಪಲ್ಲಿ. ಬೋರ್ಡು ಕನ್ನಡ, ಬೀದಿಯ ಮಾತು ಬಹುಪಾಲು ತೆಲುಗು. ಮುಂದೆ ಚಿಕ್ಕಬಳ್ಳಾಪುರ, ಅದರ ಹತ್ತಿರವೇ ಮುದ್ದೇನಹಳ್ಳಿ, ವಿಶ್ವೇಶ್ವರಯ್ಯನವರ ಹುಟ್ಟೂರು, ಸಮಾಧಿಯೂ ಅಲ್ಲಿಯೇ. ಅವರು 1930ರ ದಶಕದಲ್ಲಿ ಭಾರತದಲ್ಲೇ ಕಾರು ತಯಾರಿಸುವ ಯೋಜನೆ ಬರೆದರು. ಅದಕ್ಕಾಗಿ ಎಪ್ಪತ್ತು ದಾಟಿದ ವಯಸ್ಸಿನಲ್ಲಿ ಯೂರೋಪು, ಅಮೆರಿಕದ ಕಾರ್ಖಾನೆಗಳನ್ನು ನೋಡಿ ಬಂದರು. ಉದ್ಯಮಿ ವಾಲಚಂದ್ ಹೀರಾಚಂದ್ ಅವರ ಜೊತೆ ನಿಂತರು. ಮೈಸೂರು ಸಂಸ್ಥಾನ ಆಸಕ್ತಿ ತೋರಿತು, ಬ್ರಿಟಿಷ್ ಸರ್ಕಾರದ ಬೆಂಬಲ ಸಿಗಲಿಲ್ಲ. ವಾಲಚಂದ್ 1940ರಲ್ಲಿ ಮೈಸೂರು ಸರ್ಕಾರದ ಪಾಲುದಾರಿಕೆಯಲ್ಲಿ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಕಟ್ಟಿದರು, ಅದೇ ಇಂದಿನ ಎಚ್‌ಎಎಲ್. ಕಾರಿನ ಕನಸು 1944ರಲ್ಲಿ ಪ್ರೀಮಿಯರ್ ಆಟೊಮೊಬೈಲ್ಸ್ ಆಗಿ ಮುಂಬೈಗೆ ಹೋಯಿತು. ಅಲ್ಲಿ ಮೊದಲು ಅಮೆರಿಕದ ಡಾಡ್ಜ್, ಪ್ಲಿಮತ್ ಜೋಡಣೆ, ಐವತ್ತರ ದಶಕದಲ್ಲಿ ಫಿಯಟ್. ವಿಶ್ವೇಶ್ವರಯ್ಯನವರ ಕಟ್ಟೆಗಳನ್ನು ಹಾಡಿ ಹೊಗಳುವ ನಾವು ಕಾರಿನ ಈ ಅಧ್ಯಾಯವನ್ನು ಶಾಲೆಯ ಪಾಠದಲ್ಲಿ ಸೇರಿಸಿದ್ದು ಕಡಿಮೆ. ಸೇರಿಸಬೇಕಿತ್ತು.

ಹಳೆ ಕಾರುಗಳನ್ನು ಸಾಲಾಗಿ ನಿಲ್ಲಿಸಿ ತೀರ್ಪು ಕೊಡುವ ಪದ್ಧತಿ ಫ್ರಾನ್ಸಿನ ಶ್ರೀಮಂತರ ಸಾರೋಟು ಮೆರವಣಿಗೆಯಿಂದ ಬೆಳೆದದ್ದು. ಅಮೆರಿಕದ ಪೆಬಲ್ ಬೀಚ್ ಪ್ರದರ್ಶನ 1950ರಲ್ಲಿ, ದೆಹಲಿಯ ಸ್ಟೇಟ್ಸ್‌ಮನ್ ರ‍್ಯಾಲಿ 1964ರಲ್ಲಿ ಆರಂಭವಾದವು. 2008ರಲ್ಲಿ ಮುಂಬೈಯಲ್ಲಿ ಮೊದಲಾದ ಕಾರ್ತಿಯೆ ಕಂಪನಿಯ ಪ್ರದರ್ಶನ 2017ರಲ್ಲಿ ಹೈದರಾಬಾದಿನ ಫಲಕ್‌ನುಮಾ ಅರಮನೆಗೇ ಬಂತು. ಇಂಥ ಅಂಗಳಗಳಲ್ಲಿ ಕಣ್ಣು ಸೆಳೆಯುವುದು ಮಹಾರಾಜರ ರೋಲ್ಸ್‌ರಾಯ್ಸ್‌ಗಳು. ಚೌಮಹಲ್ಲಾ ಅರಮನೆಯಲ್ಲಿ ನಿಜಾಮರ 1912ರ ಹಳದಿ ರೋಲ್ಸ್ ನೋಡಿದವರಿಗೆ ಕಾರಣ ಹೇಳಬೇಕಿಲ್ಲ. ಫಿಯಟ್, ಅಂಬಾಸಡರ್, ಸ್ಟ್ಯಾಂಡರ್ಡ್ ಹೆರಾಲ್ಡ್‌ಗಳಿಗೆ ಬೇರೆಯದೇ ವಿಭಾಗ ಸಿಗುತ್ತಿರುವುದು ಈಚಿನ ಮಾತು. ಬೆಂಗಳೂರಿನ ಹೊರವಲಯದ ಹುಲ್ಲುಹಾಸಿನ ಮೇಲೆ ನಮ್ಮ ಕಾರು ನಿಂತದ್ದು ಅಂಥ ವಿಭಾಗದಲ್ಲಿ.

ತೀರ್ಪಿನಲ್ಲಿ ಅಂಕ ಕೂಡುವುದಿಲ್ಲ, ಕಳೆಯುತ್ತಾರೆ. ಅಮೆರಿಕದ ಹಳೆ ಕಾರುಗಳ ಕ್ಲಬ್ಬು 400ರಿಂದ ಕಳೆಯುತ್ತ ಬರುತ್ತದೆ, ಬೇರೆಡೆ 100ರಿಂದ. ಅಳತೆಗೋಲು ಒಂದೇ: ಡೀಲರು ಗಿರಾಕಿಗೆ ಕೀಲಿ ಕೊಟ್ಟ ದಿನ ಈ ಕಾರು ಹೇಗಿತ್ತು? ಅದಕ್ಕಿಂತ ಕೆಟ್ಟಿದ್ದರೆ ಅಂಕ ಹೋಗುತ್ತದೆ, ಅದಕ್ಕಿಂತ ಮಿರುಗಿದರೆ ಹೆಚ್ಚು ಬರುವುದಿಲ್ಲ. ತೀರ್ಪುಗಾರರು ಮೊದಲು ಆರ್‌ಸಿ ಪುಸ್ತಕ ಕೇಳಿ, ಚಾಸಿ ಮತ್ತು ಎಂಜಿನ್ ನಂಬರು ತಾಳೆ ನೋಡಿದರು. ಸ್ಟಾರ್ಟ್ ಮಾಡಿಸಿ ಹೊಗೆಯ ಬಣ್ಣ ಗಮನಿಸಿದರು. ಹಾರ್ನು, ವೈಪರು, ಡಿಪ್ಪರು, ಇಂಡಿಕೇಟರು ಒಂದೊಂದಾಗಿ ಪರೀಕ್ಷೆಯಾದವು. ಆಮೇಲೆ ಟಾರ್ಚು ಹಿಡಿದು ಬಗ್ಗಿದರು. ಅಲ್ಲಿಂದ ಮುಂದೆ ಹುಡುಕಿದ್ದೆಲ್ಲ ಸಣ್ಣ ಸಂಗತಿಗಳನ್ನೇ: ಸೀಳುತಲೆಯ ಸ್ಕ್ರೂ ಇರಬೇಕಾದಲ್ಲಿ ನಕ್ಷತ್ರತಲೆಯದು, ವೈರಿಂಗಿನಲ್ಲಿ ಹೊಸಕಾಲದ ಪ್ಲಾಸ್ಟಿಕ್ ಟೇಪು, ಕ್ರೋಮ್ ಇಲ್ಲದಿದ್ದ ಕಡೆ ಕ್ರೋಮ್, ನೈಲಾನ್ ಟೈರಿನ ಜಾಗದಲ್ಲಿ ರೇಡಿಯಲ್.

ಎರಡು ದಿನದ ದೂಳು ಮೈಮೇಲಿದ್ದುದು ಲೆಕ್ಕಕ್ಕೆ ಬರಲಿಲ್ಲ. ಒರೆಸಿದರೆ ಹೋಗುವುದಕ್ಕೆ ಅವರು ತಲೆ ಕೆಡಿಸಿಕೊಳ್ಳುವುದಿಲ್ಲ. ಅಂಕ ಹೋದದ್ದು ಸೀಟಿನ ಹೊದಿಕೆಗೆ. ಮೂಲ ರೆಕ್ಸಿನ್ನಿನ ಹೊಲಿಗೆಯ ಗೆರೆಗಳು ಹೊಸದರಲ್ಲಿ ಇರಲಿಲ್ಲ. “ಇದನ್ನು ಹೊಲಿದವರು ಒಳ್ಳೆಯ ಕೆಲಸಗಾರರು ರೀ, ಆದರೆ ಫಿಯಟ್ ನೋಡಿದವರಲ್ಲ,” ಎಂದರು ಹಿರಿಯ ತೀರ್ಪುಗಾರರೊಬ್ಬರು. ಕಾಕಾ ಅವರು ಮರುಮಾತಾಡಲಿಲ್ಲ.

ವಿಭಾಗದಲ್ಲಿ ಮೊದಲ ಸ್ಥಾನ ಬಣ್ಣ ಮಾಸಿದ, ಬಂಪರು ಕಂದಿದ ಒಂದು ಸ್ಟ್ಯಾಂಡರ್ಡ್ ಹೆರಾಲ್ಡ್‌ಗೆ ಹೋಯಿತು, ಫಿಯಟ್‌ಗೆ ಎರಡನೆಯದು. ಹೆರಾಲ್ಡ್ ಒಂದೇ ಮನೆಯಲ್ಲಿ ಉಳಿದ ಕಾರು, ಕೊಂಡ ದಿನದ ರಸೀದಿಯಿಂದ ಹಿಡಿದು ಸರ್ವಿಸ್ ಚೀಟಿಗಳವರೆಗೆ ಎಲ್ಲವೂ ಒಂದು ಫೈಲಿನಲ್ಲಿತ್ತು. ಮಾಸಿದ್ದರೂ ಅದರ ಬಣ್ಣ ಮೂಲದ್ದೇ, ಹಾಗಾಗಿ ತೀರ್ಪು ಸರಿಯಾಗಿಯೇ ಇತ್ತು. ಹೊಸ ಬಣ್ಣವನ್ನು ಯಾವಾಗ ಬೇಕಾದರೂ ಹೊಡೆಸಬಹುದು, 1960ರ ದಶಕದ ಬಣ್ಣವನ್ನು ಮತ್ತೆ ಹೊಡೆಸಲಾಗದು.

ಮನೆಯಲ್ಲಿ ಇಂಥ ಕಾರು ಟಾರ್ಪಾಲಿನಡಿ ನಿಂತಿದ್ದರೆ, ಟಿಂಕರಿಂಗಿಗೆ ಬಿಡುವ ಮುನ್ನ ಕಪಾಟು ಹುಡುಕಿ ಆರ್‌ಸಿ ಪುಸ್ತಕ, ಹಳೆ ರಸೀದಿ, ಕಾರಿನ ಮುಂದೆ ನಿಂತು ತೆಗೆಸಿದ ಫೋಟೊಗಳನ್ನು ಒಂದು ಕಡೆ ಸೇರಿಸಿ. ಬಿಚ್ಚುವಾಗ ಪ್ರತಿ ಭಾಗದ ಚಿತ್ರ ತೆಗೆದುಕೊಳ್ಳಿ. ಹರಿದ ಸೀಟಿನ ಹೊದಿಕೆಯನ್ನು ಗುಜರಿಗೆ ಹಾಕಬೇಡಿ, ಹೊಲಿಯುವವರ ಕೈಗೆ ಅಳತೆಗೆಂದು ಕೊಡಿ.